ಫಿಲೋ ಆಂಟಿಯ ಪೇಪರ್ ಕಪ್ಪು

ಬ್ರಿಸ್ಬೇನಿನ ಫಾರೆಸ್ಟ್ ಲೇಕಿನಲ್ಲಿ ನಾವಿದ್ದ ಕಾಲಕ್ಕೆ ಬೇಸಿಗೆ ರಜೆ ಬಂತೆಂಬುದು ಮೊದಲು ಮೂಗಿಗೆ ತಿಳಿಯುತ್ತಿತ್ತು. ಡಿಸೆಂಬರಿನಲ್ಲಿ ಶಾಲೆ ಮುಚ್ಚುವ ಹೊತ್ತಿಗೆ ಕೆರೆಯ ಕಡೆಯಿಂದ ಬಿಸಿ ಕೆಸರಿನ ವಾಸನೆ ಬರುತ್ತಿತ್ತು. ಯಾರದೋ ಹಿತ್ತಲಿನಲ್ಲಿ ಮಾಂಸ ಸುಡುವ ಬಾರ್ಬಿಯ ಹೊಗೆ, ಅಮ್ಮ ನಮ್ಮ ತೋಳಿಗೆ ಬಳಿದ ಸನ್‌ಸ್ಕ್ರೀನು, ಅಜ್ಜಿ ಬಂದಿದ್ದ ವರ್ಷ ಅವಳು ಕಾಫಿಪುಡಿಯ ಡಬ್ಬಿ ತೆಗೆದಾಗಿನ ಘಮ, ಎಲ್ಲ ಒಂದರಲ್ಲೊಂದು ಬೆರೆತಿರುತ್ತಿದ್ದವು. ಕೆರೆ ಮನುಷ್ಯರು ತೋಡಿದ್ದು. ಸುತ್ತಲ ಮನೆಗಳೆಲ್ಲ ಒಂದೇ ಅಚ್ಚಿನವು. ಹೊಸಬರು ತಮ್ಮ ಮನೆಯನ್ನೇ ದಾಟಿ ಮುಂದೆ ಹೋಗಿಬಿಡುತ್ತಿದ್ದರು. ಮೈಸೂರಿನಿಂದ ಆರು ತಿಂಗಳ ವೀಸಾದ ಮೇಲೆ ಬಂದ ನಮ್ಮಜ್ಜಿ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಬಂದ ಮಾರನೆಯ ದಿನವೇ ಬಾಗಿಲ ಮುಂದೆ ರಂಗೋಲಿ ಎಳೆದು ಗುರುತು ಮಾಡಿಟ್ಟಿದ್ದಳು.

ನನಗಾಗ ಹನ್ನೊಂದು ವರ್ಷ. ಈಗ ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ ಕೆಲಸದಲ್ಲಿದ್ದೇನೆ. ಕಾಲೇಜು ಓದಿದ್ದಾಯಿತು, ನಾಲ್ಕು ಜನರ ಮುಂದೆ ನಿಂತು ಮಾತಾಡುವುದು ಕಲಿತದ್ದಾಯಿತು. ಆದರೂ ಬಸ್ಸು ಹತ್ತಿದ ಕೂಡಲೇ ನೋಡುವುದು ಡ್ರೈವರು ಎಷ್ಟು ದೂರದಲ್ಲಿದ್ದಾರೆ, ಬಾಗಿಲು ಯಾವ ಕಡೆಗಿದೆ, ಯಾರ ಕೈಯಲ್ಲಾದರೂ ಬಾಟಲಿ ಇದೆಯೇ ಎಂದು. ಯಾವುದಾದರೂ ಹೋಟೆಲಿನ ಒಳಗಿನಿಂದ ಗಾಜು ಒಡೆದ ಸದ್ದು ಬಂದರೆ ನನ್ನ ಪಾದಗಳು ತಾವಾಗಿ ಕುರ್ಚಿಯ ಕಾಲುಗಳಿಗೆ ಸುತ್ತಿಕೊಳ್ಳುತ್ತವೆ. ಎಲ್ಲಕ್ಕೂ ಆ ಒಂದು ಬೇಸಿಗೆ ಕಾರಣ. ವಿಚಿತ್ರವೆಂದರೆ ಆ ಬೇಸಿಗೆಯನ್ನು ನೆನೆದಾಗ ಹೆದರಿಕೆಯ ಜೊತೆಗೆ ಡಿಕಾಕ್ಷನ್ನಿನ ವಾಸನೆಯೂ ಬರುತ್ತದೆ. ಎರಡನ್ನೂ ಬಿಡಿಸಿ ಇಡಲು ನನಗಿನ್ನೂ ಆಗಿಲ್ಲ.

ಪಕ್ಕದ ಮನೆಯಲ್ಲಿ ಫಿಲೋ ಆಂಟಿ ಇದ್ದರು. ಪೂರ್ತಿ ಹೆಸರು ಫಿಲೋಮಿನಾ. ಉಡುಪಿಯ ಕಡೆಯವರು. ಕುವೈತಿನಲ್ಲಿ ಬಹಳ ವರ್ಷ ನರ್ಸಾಗಿದ್ದು ಆಮೇಲೆ ಬ್ರಿಸ್ಬೇನಿಗೆ ಬಂದವರು. ಇಲ್ಲಿ ವೃದ್ಧರ ಆರೈಕೆಯ ಮನೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. ಅವರ ಮಗಳು ಜೆಸಿಂತಾ, ನಮಗೆಲ್ಲ ಜೆಸ್ಸಿ, ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಎರಡು ಮನೆಗಳ ನಡುವಿನ ಬೇಲಿಯಲ್ಲಿ ಒಂದು ಹಲಗೆ ಸಡಿಲವಾಗಿತ್ತು. ಅದೇ ನಮ್ಮ ಬಾಗಿಲು.

ಪಾಳಿ ಮುಗಿಸಿ ಬಂದ ಆಂಟಿ ಮಲಗುವ ಮೊದಲು ನಮ್ಮ ಹಿಂಬಾಗಿಲಿಗೆ ಬರುತ್ತಿದ್ದರು. ಅಪ್ಪ ಅಮ್ಮ ಅಷ್ಟರಲ್ಲಿ ಕೆಲಸಕ್ಕೆ ಹೊರಟಿರುತ್ತಿದ್ದರು.

"ಅಮ್ಮಾ, ಕಾಫಿ ಉಂಟಾ?"

"ನಿಮಗಿಲ್ದೆ ಇನ್ಯಾರಿಗೆ ಫಿಲೋಮಿನಮ್ಮ, ಬನ್ನಿ ಬನ್ನಿ" ಎನ್ನುತ್ತಿದ್ದಳು ಅಜ್ಜಿ.

ಇಬ್ಬರಿಗೂ ಮಾತೆಂದರೆ ಪ್ರಾಣ. ಅಜ್ಜಿ ಮಂಡಿನೋವು ಹೇಳಿಕೊಂಡರೆ ಆಂಟಿ ಯಾವ ಎಣ್ಣೆ, ಎಷ್ಟು ಬಿಸಿ ಎಂದು ಹೇಳುತ್ತಿದ್ದರು. ಆಂಟಿ ತಮ್ಮ ಆರೈಕೆಯ ಮುದುಕರ ಕಥೆ ಹೇಳಿದರೆ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾವೆಲ್ಲ ಕಾಫಿ, ಹಾಲು ಕುಡಿಯುತ್ತಿದ್ದದ್ದು ಸ್ಟೀಲಿನ ಲೋಟದಲ್ಲಿ. ಆಂಟಿಗೆ ಮಾತ್ರ ಪೇಪರ್ ಕಪ್ಪು, ಮೇಲೆ ಗುಲಾಬಿ ಹೂವಿನ ಚಿತ್ರವಿದ್ದದ್ದು. ಅಜ್ಜಿ ಅಪ್ಪನಿಂದ ಅದರ ದೊಡ್ಡ ಪೊಟ್ಟಣವನ್ನೇ ತರಿಸಿಟ್ಟುಕೊಂಡಿದ್ದಳು. ಆಂಟಿ ಕುಡಿದಾದ ಮೇಲೆ ಕಪ್ಪನ್ನು ಎಸೆಯುತ್ತಿರಲಿಲ್ಲ, ತೊಳೆದು ಮನೆಗೆ ಒಯ್ಯುತ್ತಿದ್ದರು. ಅವರ ಅಡುಗೆಮನೆಯ ಕಿಟಕಿಯಲ್ಲಿ ಆ ಕಪ್ಪುಗಳಲ್ಲಿ ಮಣ್ಣು ತುಂಬಿ ಮೆಣಸಿನ ಸಸಿ, ಕೊತ್ತಂಬರಿ, ಬಸಳೆಯ ಕುಡಿ ಎಬ್ಬಿಸಿದ್ದರು. ಹೂವಿನ ಕಪ್ಪು ಅತಿಥಿಗೆ ಕೊಡುವ ಮರ್ಯಾದೆ ಎಂದೇ ನಾನು ತಿಳಿದಿದ್ದೆ. ನನಗೂ ಒಂದು ಕೊಡು ಎಂದು ಅಜ್ಜಿಯನ್ನು ಪೀಡಿಸಿದ್ದೂ ಉಂಟು.

ರಜೆಗೆ ಮುಂಚಿನ ಕೊನೆಯ ವಾರಗಳಲ್ಲಿ ಶಾಲೆಯಲ್ಲಿ ನಮ್ಮ ಟೀಚರು ಅಮೆರಿಕದ ಪಾಠ ಮಾಡಿದರು. ಜೆಸ್ಸಿಯದೂ ನನ್ನದೂ ಕೂಡಿಸಿದ ತರಗತಿಯಾಗಿತ್ತು. ಬಿಳಿಯರಿಗೊಂದು, ಕರಿಯರಿಗೊಂದು ಎಂದು ಎರಡು ನೀರಿನ ನಲ್ಲಿಗಳಿದ್ದ ಒಂದು ಫೋಟೋ ತೋರಿಸಿದರು. ಬಸ್ಸಿನಲ್ಲಿ ಸೀಟು ಬಿಟ್ಟೇಳದ ಹೆಂಗಸಿನ ಕಥೆ ಹೇಳಿದರು. ಆ ಊರುಗಳ ಕೆಲವು ಅಂಗಡಿಗಳಲ್ಲಿ ಕರಿಯರು ಸಾಮಾನು ಕೊಳ್ಳಬಹುದು, ಆದರೆ ಅಲ್ಲೇ ಕೂತು ತಿನ್ನುವಂತಿಲ್ಲ. ಹಿಂದಿನ ಕಿಟಕಿಯಲ್ಲಿ ಕಾಗದದ ಚೀಲದಲ್ಲಿ ಕೊಟ್ಟು ಕಳಿಸುತ್ತಿದ್ದರಂತೆ. ಆಗ ಕಾಲೇಜು ಓದುವ ಹುಡುಗ ಹುಡುಗಿಯರು ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ ಅದೇ ಕುರ್ಚಿಗಳ ಮೇಲೆ ಕೂತರು. ಜನ ಬೈದರು, ತಲೆಗೆ ಸಾಸು ಸುರಿದರು, ಎಳೆದು ಬೀಳಿಸಿದರು. ಅವರು ತಿರುಗಿ ಕೈಯೆತ್ತಲಿಲ್ಲ.

ನಮ್ಮ ಮನಸ್ಸನ್ನು ಹಿಡಿದದ್ದು ಟೀಚರು ಇದರ ನಂತರ ಹೇಳಿದ ಮಾತು. ಹಾಗೆ ಹೋಗುವ ಮೊದಲು ಅವರು ಅಭ್ಯಾಸ ಮಾಡಿದ್ದರಂತೆ. ಚರ್ಚಿನ ಕೋಣೆಯಲ್ಲಿ ಕುರ್ಚಿ ಹಾಕಿ, ಗೆಳೆಯನನ್ನು ಕೂರಿಸಿ, ಗೆಳೆಯರೇ ಬೈಯುವುದು, ಮುಖಕ್ಕೆ ಸಿಗರೇಟಿನ ಹೊಗೆ ಬಿಡುವುದು, ಕುರ್ಚಿ ಎಳೆಯುವುದು. ಕೂತವನು ಸುಮ್ಮನೆ ಕೂತೇ ಇರುವುದನ್ನು ಕಲಿಯಬೇಕು.

ಆ ದಿನ ಮಧ್ಯಾಹ್ನವೇ ಜೆಸ್ಸಿಯ ಮನೆಯ ಗರಾಜಿನಲ್ಲಿ ನಮ್ಮ ಕುರ್ಚಿ ಆಟ ಶುರುವಾಯಿತು. ಬಿಳಿ ಪ್ಲಾಸ್ಟಿಕ್ ಕುರ್ಚಿ. ನಿಯಮಗಳನ್ನು ಮಾಡಿದವಳು ಜೆಸ್ಸಿ. ಎರಡು ಪಾದಗಳನ್ನೂ ಕುರ್ಚಿಯ ಕಾಲುಗಳಿಗೆ ಸುತ್ತಿಕೊಳ್ಳಬೇಕು. ಯಾವುದಾದರೂ ಒಂದು ಜಾಗ ಆರಿಸಿ ಅದನ್ನೇ ನೋಡುತ್ತಿರಬೇಕು. ಅಳುವಂತಿಲ್ಲ, ನಗುವಂತಿಲ್ಲ, ಉತ್ತರ ಕೊಡುವಂತಿಲ್ಲ. ನನ್ನ ಜಾಗ ಗೋಡೆಯ ಮೇಲೆ ದಿನವೂ ಅಲ್ಲೇ ಇರುತ್ತಿದ್ದ ಹಲ್ಲಿ. ಬೈಗುಳಗಳನ್ನು ನಾವು ಹುಡುಕಿಕೊಂಡು ಹೋಗಬೇಕಿರಲಿಲ್ಲ, ಶಾಲೆಯ ಅಂಗಳದಲ್ಲಿ ನಮಗೆ ಬಿದ್ದವೇ ಸಾಕಷ್ಟಿದ್ದವು. "ನಿನ್ನ ಲಂಚ್ ಬಾಕ್ಸ್ ನಾತ ಹೊಡೀತದೆ" ಎಂದು ಜೆಸ್ಸಿ ನನ್ನ ಕಿವಿಯಲ್ಲಿ ಕಿರುಚುತ್ತಿದ್ದಳು. ನಾನು ಅವಳ ತಲೆಗೆ ಮೈದಾಹಿಟ್ಟು ಸುರಿಯುತ್ತಿದ್ದೆ. ಬಹಳ ಸಲ ಹಲ್ಲಿ ಲೊಚಗುಟ್ಟಿ ಇಬ್ಬರೂ ನಕ್ಕು ಸೋಲುತ್ತಿದ್ದೆವು.

ಒಂದು ದಿನ ಕೂದಲ ತುಂಬ ಟೊಮ್ಯಾಟೋ ಸಾಸಿನೊಂದಿಗೆ ಮನೆಗೆ ಬಂದಾಗ ಅಜ್ಜಿ ಹಣೆ ಚಚ್ಚಿಕೊಂಡಳು. "ಎಣ್ಣೆ ಹಚ್ತೀನಿ ಬಾರೆ ಅಂದ್ರೆ ಓಡೋಗ್ತೀಯ. ಸಾಸ್ ಹಚ್ಚಿಸ್ಕೊಂಡು ಬಂದಿದೀಯಲ್ಲೇ, ಯಾವ ಆಟಾನೇ ಇದು?"

"ಅಮೆರಿಕದ ಆಟ ಅಜ್ಜಿ."

"ಅಲ್ಲಿನ ಮಕ್ಕಳಿಗೂ ತಲೆ ಕೆಟ್ಟಿದೆ ಹಾಗಾದ್ರೆ."

ರಜೆ ಬಂದ ಮೇಲೆ ಜೆಸ್ಸಿಯೂ ಅವಳಮ್ಮನ ಜೊತೆ ಬೆಳಗಿನ ಕಾಫಿ ಹೊತ್ತಿಗೆ ಬಂದಳು. ಮೊದಲ ದಿನ ಅಜ್ಜಿ ನಮ್ಮಿಬ್ಬರಿಗೂ ಬೂಸ್ಟು ಕಲಸಿದ ಹಾಲು ತಂದಿಟ್ಟಳು. ನನ್ನದು ಸ್ಟೀಲ್ ಲೋಟ. ಜೆಸ್ಸಿಯದು ಹೂವಿನ ಕಪ್ಪು. ಜೆಸ್ಸಿ ನನ್ನ ಲೋಟ ನೋಡಿದಳು. ಅವಳಮ್ಮನ ಕೈಯಲ್ಲಿದ್ದ ಕಪ್ಪು ನೋಡಿದಳು. ಆಮೇಲೆ ತನ್ನ ಕಪ್ಪು ನೋಡಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಮೇಜಿನ ಕೆಳಗೆ ಅವಳ ಎರಡು ಪಾದಗಳೂ ನಿಧಾನವಾಗಿ ಕುರ್ಚಿಯ ಕಾಲುಗಳಿಗೆ ಸುತ್ತಿಕೊಂಡವು. ನಮ್ಮ ಫ್ರಿಜ್ಜಿನ ಮೇಲಿದ್ದ ಗಣಪತಿಯ ಮ್ಯಾಗ್ನೆಟ್ಟನ್ನೇ ನೋಡುತ್ತ ಹಾಲನ್ನು ಒಂದು ಹನಿ ಬಿಡದೆ ಕುಡಿದಳು. "ಥ್ಯಾಂಕ್ಯೂ ಅಜ್ಜಿ" ಎಂದು ಎದ್ದು ಹೋದಳು.

ಅದು ಆಟವಲ್ಲ ಎಂಬುದು ನನಗೆ ತಿಳಿಯಿತು. ಕಾಗದದ ಚೀಲ, ಹಿಂದಿನ ಕಿಟಕಿ, ನಮ್ಮ ಹಿಂಬಾಗಿಲು, ಎಲ್ಲವೂ ಒಂದರ ಪಕ್ಕ ಒಂದು ಬಂದು ಕೂತವು.

ಆಂಟಿ ಹೋದ ಮೇಲೆ ಅಜ್ಜಿಯನ್ನು ಕೇಳಿದೆ. "ಅವರಿಗ್ಯಾಕೆ ಲೋಟದಲ್ಲಿ ಕೊಡಲ್ಲ?"

ಅಜ್ಜಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಇನ್ನೂ ನೆನಪಿರುವುದು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ, "ಮೀನು ಮಾಂಸ ತಿನ್ನೋ ಬಾಯಿ ಕಣೇ. ನಮ್ಮ ಲೋಟ ದೇವರ ನೈವೇದ್ಯಕ್ಕೂ ಹೋಗತ್ತೆ. ಹಾಗಂತ ಅವರೇನು ಕೆಟ್ಟೋರಾ? ಚಿನ್ನದಂಥ ಹೆಂಗಸು" ಎಂದಳು. ಇಲ್ಲಿನ ಅಕ್ಕಿಯಲ್ಲಿ ಕಲ್ಲೇ ಇರುತ್ತಿರಲಿಲ್ಲ, ಆದರೂ ಆರಿಸುತ್ತಿದ್ದಳು.

ಅಜ್ಜಿ ತಾನೂ ಯಾರ ಮನೆಯ ಲೋಟಕ್ಕೂ ಬಾಯಿ ಹಚ್ಚಿದವಳಲ್ಲ. ನೀರಾಗಲಿ ಕಾಫಿಯಾಗಲಿ, ಲೋಟವನ್ನು ಮೇಲಕ್ಕೆತ್ತಿ ಗಂಟಲಿಗೆ ನೇರ ಸುರಿದುಕೊಳ್ಳುವುದು ಅವಳ ಪದ್ಧತಿ. ಒಂದು ಹನಿ ಸೆರಗಿಗೆ ಬೀಳುತ್ತಿರಲಿಲ್ಲ. ನನಗೆ ಅದೊಂದು ಸರ್ಕಸ್ಸಿನಂತೆ ಕಾಣುತ್ತಿತ್ತು.

ಜೆಸ್ಸಿ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನಾನೊಂದು ಸ್ಟೀಲ್ ಲೋಟದಲ್ಲಿ ಹಾಲು ತುಂಬಿಕೊಂಡು ಬೇಲಿಯ ಸಂದಿಯಿಂದ ಚಾಚಿದೆ. ಅವಳು ಕೈ ನೀಡಲಿಲ್ಲ. "ನೀನು ಕೊಟ್ರೆ ಬೇಡ. ಅಜ್ಜಿ ಕೊಟ್ರೆ ಕುಡೀತೇನೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಒಳಗೆ ಹೋದಳು. ಆ ಊರಿನಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ. ಹಲಗೆ ಸಡಿಲವಾಗಿಯೇ ಇತ್ತು, ಆದರೆ ಅದರಲ್ಲಿ ಯಾರೂ ನುಸುಳಲಿಲ್ಲ. ಫಿಲೋ ಆಂಟಿ ಮಾತ್ರ ಏನೂ ಆಗದವರಂತೆ ಬಂದು, ಹೂವಿನ ಕಪ್ಪಿನಲ್ಲಿ ಕಾಫಿ ಕುಡಿದು, ತೊಳೆದು ಒಯ್ಯುತ್ತಿದ್ದರು.

ಆ ನಡುವೆ ಅಜ್ಜಿಯ ಕನ್ನಡಕದ ಕಡ್ಡಿ ಮುರಿಯಿತು. ಟೂವಾಂಗಿನಲ್ಲಿ ಆಂಟಿಗೆ ಪರಿಚಯವಿದ್ದ ಕನ್ನಡಕದ ಅಂಗಡಿಯಿತ್ತು. ತಮ್ಮ ರಜೆಯ ದಿನ ಆಂಟಿಯೇ ಅಜ್ಜಿಯನ್ನೂ ನನ್ನನ್ನೂ ಕರೆದುಕೊಂಡು ಹೊರಟರು. ಮನೆಯಲ್ಲಿ ಒಬ್ಬಳೇ ಬಿಡಲಾಗದೆ ಜೆಸ್ಸಿಯನ್ನೂ ಎಳೆದುಕೊಂಡು ಬಂದರು. ಅವಳು ದಾರಿಯುದ್ದಕ್ಕೂ ನನ್ನಿಂದ ದೂರವೇ ಕೂತಳು. ಅಜ್ಜಿ ಡಬ್ಬಿಯಲ್ಲಿ ಕೋಡುಬಳೆ ತಂದಿದ್ದಳು. ಜೆಸ್ಸಿ ಹಸಿವಿಲ್ಲ ಎಂದಳು.

ಕನ್ನಡಕ ಸರಿಯಾಯಿತು. ರೈಲಿನಲ್ಲಿ ವಾಪಸು ಬಂದು ನಮ್ಮ ಕಡೆಯ ಬಸ್ಸು ಹತ್ತಿದಾಗ ಮಧ್ಯಾಹ್ನದ ಸುಡುಬಿಸಿಲು. ಮುಂದುಗಡೆ ವಯಸ್ಸಾದವರಿಗೆಂದು ಬಿಟ್ಟ ಉದ್ದನೆಯ ಸೀಟಿನಲ್ಲಿ ಅಜ್ಜಿ, ಅವಳ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಆಂಟಿ. ಜೆಸ್ಸಿ ಎರಡು ಸಾಲು ಹಿಂದೆ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಅಜ್ಜಿ ಅಂಗಡಿ ಬೋರ್ಡುಗಳ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದುತ್ತ ಖುಷಿಯಾಗಿದ್ದಳು.

ಒಂದು ಸರ್ವೋ, ಅಂದರೆ ಪೆಟ್ರೋಲ್ ಬಂಕಿನ, ಎದುರಿನ ಸ್ಟಾಪಿನಲ್ಲಿ ಅವನು ಹತ್ತಿದ. ವಯಸ್ಸು ಅಪ್ಪನಷ್ಟೇ ಇರಬೇಕು. ಕೈಯಲ್ಲಿ ಬಿಯರ್ ಬಾಟಲಿ. ಬೇರೆ ಸೀಟುಗಳು ಖಾಲಿ ಇದ್ದವು. ಅವನು ನಮ್ಮ ಮುಂದೆ ಬಂದು ನಿಂತ. ಅಜ್ಜಿಯ ಸೀರೆ, ಕುಂಕುಮ, ಮೂಗುಬೊಟ್ಟು, ಒಂದೊಂದನ್ನೂ ನೋಡಿದ. ಅವನಾಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವುಗಳಲ್ಲಿ ಸುಮಾರು ನಮ್ಮ ಗರಾಜಿನ ಆಟದಲ್ಲಿ ನಾವೇ ಬಳಸಿದ್ದವು. ಕೊನೆಗೆ, "ಏಳು. ಆ ಸೀಟು ನಿಮ್ಮಂಥವರಿಗಲ್ಲ. ಹಿಂದೆ ಹೋಗು" ಎಂದ.

ಅಜ್ಜಿಗೆ ಮಾತು ತಿಳಿಯದಿದ್ದರೂ ಕೈಸನ್ನೆ ತಿಳಿಯಿತು. ಚೀಲ ಎತ್ತಿಕೊಂಡಳು. "ಅವನಿಗೆ ಕೂರ್ಬೇಕೇನೋ, ಕೂತ್ಕೊಳ್ಲಿ ಬಿಡಿ ಫಿಲೋಮಿನಮ್ಮ. ನಾವು ಹಿಂದೆ ಹೋಗೋಣ."

ಆಂಟಿ ಅಜ್ಜಿಯ ಮಂಡಿಯ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದರು. "ಏಳ್ಬೇಡಿ ಅಮ್ಮ. ನಾನಿದ್ದೇನೆ."

ಅವನು ಬಾಟಲಿ ಬಗ್ಗಿಸಿದ. ಬಿಯರು ಅಜ್ಜಿಯ ನೆತ್ತಿಯಿಂದ ಹೊಸದಾಗಿ ರಿಪೇರಿಯಾದ ಕನ್ನಡಕದ ಮೇಲೆ ಇಳಿಯಿತು. ಅದೊಂದು ಹುಳಿ ವಾಸನೆ. ನನ್ನ ಪಾದಗಳು ಸುತ್ತಿಕೊಳ್ಳಲು ಕುರ್ಚಿಯ ಕಾಲು ಹುಡುಕಿದವು, ಬಸ್ಸಿನ ಸೀಟಿಗೆ ಕಾಲುಗಳೇ ಇರಲಿಲ್ಲ. ನೋಡಲು ಒಂದು ಜಾಗ ಬೇಕಿತ್ತು. ಕಂಬದ ಮೇಲಿದ್ದ, ಬಸ್ಸು ನಿಲ್ಲಿಸಲು ಒತ್ತುವ ಕೆಂಪು ಗುಂಡಿಯನ್ನು ನೋಡಿದೆ. ಆಗ ಯಾರೋ ನನ್ನ ಪಕ್ಕದಲ್ಲಿ ಬಂದು ಕೂತು ತೋಳಿಗೆ ತೋಳು ಸಿಕ್ಕಿಸಿಕೊಂಡರು. ಜೆಸ್ಸಿ. ಅವಳೂ ಅದೇ ಗುಂಡಿಯನ್ನು ನೋಡುತ್ತಿದ್ದಳು. ಉಳಿದವರೆಲ್ಲ ಕಿಟಕಿಯಾಚೆ ನೋಡುತ್ತಿದ್ದರು. ಇಲ್ಲ, ಎಲ್ಲರೂ ಅಲ್ಲ. ಹಿಂದಿನಿಂದ ಒಬ್ಬ ಅಜ್ಜಿ, ಈ ನೆಲದ ಮೂಲನಿವಾಸಿ ಹೆಂಗಸು, ಸಾಮಾನಿನ ಗಾಲಿಚೀಲ ಎಳೆಯುತ್ತ ಬಂದು ಜೆಸ್ಸಿಯ ಪಕ್ಕ ಕೂತರು. ಚೀಲವನ್ನು ನಮಗೂ ಅವನಿಗೂ ನಡುವೆ ನಿಲ್ಲಿಸಿದರು.

ಅವನು ಬಾಟಲಿಯನ್ನು ಕಂಬಕ್ಕೆ ಬೀಸಿ ಹೊಡೆದ.

ಆ ಸದ್ದಿನ ನಂತರ ಬಸ್ಸು ನಿಂತಿತು. ಡ್ರೈವರು ಕೂಗುತ್ತಿದ್ದರು. ಒಡೆದ ಬಾಟಲಿಯ ಕುತ್ತಿಗೆ ಇನ್ನೂ ಅವನ ಕೈಯಲ್ಲಿ, ಅಜ್ಜಿಯ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಆ ಗೇಣಿನ ಜಾಗದಲ್ಲಿ ಆಂಟಿಯ ಅಂಗೈ. ಅದರಿಂದ ರಕ್ತ ಇಳಿಯುತ್ತಿತ್ತು, ಕೈ ಮಾತ್ರ ಅಲುಗಲಿಲ್ಲ. ಎಷ್ಟು ಹೊತ್ತು ಹಾಗಿತ್ತೋ ನನಗೆ ತಿಳಿಯದು. ಈಗಲೂ ಒಮ್ಮೊಮ್ಮೆ ಕೆಲಸದ ನಡುವೆ ನಾನು ಆ ಗೇಣನ್ನು ಅಳೆಯುತ್ತಿರುತ್ತೇನೆ. ಅವನು ತನ್ನ ಕೈಯಲ್ಲಿದ್ದದ್ದನ್ನು ಯಾರದೋ ಎಂಬಂತೆ ನೋಡಿ, ಅಲ್ಲೇ ಕೆಡವಿ, ತೆರೆದ ಬಾಗಿಲಿನಿಂದ ಇಳಿದು ಹೋದ. ಅಷ್ಟೇ. ನೆಲದ ತುಂಬ ಗಾಜು, ಬಿಯರು, ಕೋಡುಬಳೆ.

ಪೊಲೀಸರು ಬರುವವರೆಗೆ ನಮ್ಮನ್ನು ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂರಿಸಿದರು. ಆಂಟಿ ತಮ್ಮ ಕೈಗೆ ತಾವೇ ಕರವಸ್ತ್ರ ಸುತ್ತಿ, ಹಲ್ಲಿನಿಂದ ಗಂಟು ಬಿಗಿದರು. ಆಮೇಲೆ ಜೀರಿಗೆ ಹಾಕಿ ಕುದಿಸಿದ ನೀರಿನ ಬಾಟಲಿ ತೆಗೆದು ಅಜ್ಜಿಗೆ ಕೊಟ್ಟರು. ಅದು ದಿನವೂ ಅವರೇ ಬಾಯಿ ಹಚ್ಚಿ ಕುಡಿಯುತ್ತಿದ್ದ ಬಾಟಲಿ. ಅಜ್ಜಿ ಎಂದಿನಂತೆ ಮೇಲಕ್ಕೆತ್ತಿದಳು. ನೀರು ಗಲ್ಲಕ್ಕೆ, ಕುತ್ತಿಗೆಗೆ, ಸೆರಗಿಗೆ ಬಿತ್ತು, ಬಾಯಿಗೆ ಬೀಳಲಿಲ್ಲ. ಮತ್ತೆ ಎತ್ತಿದಳು. ಮತ್ತೆ ಚೆಲ್ಲಿತು.

ಆಂಟಿ ಬಾಟಲಿ ತೆಗೆದುಕೊಂಡರು. ಅಜ್ಜಿಯ ತಲೆಯ ಹಿಂದೆ ಕರವಸ್ತ್ರ ಸುತ್ತಿದ ಕೈ ಇಟ್ಟು, ಇನ್ನೊಂದು ಕೈಯಿಂದ ಬಾಟಲಿಯನ್ನು ಅವಳ ತುಟಿಗೆ ಹಿಡಿದರು. "ಮೆಲ್ಲ ಕುಡೀರಿ ಅಮ್ಮ. ಅವಸರ ಎಂತದೂ ಇಲ್ಲ." ಅಜ್ಜಿ ಕಣ್ಣು ಮುಚ್ಚಿ, ಮಗುವಿನ ಹಾಗೆ ತುಟಿ ಹಚ್ಚಿ, ಗಟಗಟ ಕುಡಿದಳು. ಜೆಸ್ಸಿ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಸಿಕ್ಕಿಸಿದ್ದ ತೋಳು ಬಿಟ್ಟಿರಲಿಲ್ಲ.

ಆ ಸಂಜೆ ಮನೆಯಲ್ಲಿ ಅಪ್ಪ ಅಮ್ಮನ ಫೋನು, ಗಾಬರಿ, ಜನ. ಆಂಟಿಯ ಅಂಗೈಗೆ ಹೊಲಿಗೆ ಬಿತ್ತು. ಅಜ್ಜಿ ತಲೆಗೆ ನೀರು ಹೊಯ್ದುಕೊಂಡು ದೇವರ ಮುಂದೆ ಬಹಳ ಹೊತ್ತು ಕೂತಿದ್ದಳು. ಏನು ಬೇಡಿಕೊಂಡಳೋ ಗೊತ್ತಿಲ್ಲ.

ಎರಡು ದಿನ ಬಿಟ್ಟು ಆಂಟಿ ಹಿಂಬಾಗಿಲಿಗೆ ಬಂದರು. ಹಿಂದೆ ಜೆಸ್ಸಿ, ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತಿದ್ದಳು. ಅಜ್ಜಿ ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಕಪಾಟು ತೆಗೆದಳು. ಕಪ್ಪಿನ ಪೊಟ್ಟಣ ಕಣ್ಣಿಗೆ ಕಾಣುವಂತೆಯೇ ಇತ್ತು. ಅದರ ಪಕ್ಕದಿಂದ ನಾಲ್ಕು ಸ್ಟೀಲ್ ಲೋಟ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

ಫಿಲೋ ಆಂಟಿ ಲೋಟವನ್ನು ನೋಡಿ, "ಎಂತ ಅಮ್ಮ, ಇವತ್ತು ಪೇಪರ್ ಕಪ್ಪು ಇಲ್ವಾ? ನನ್ನ ಮೆಣಸಿನ ಸಸಿಗೆ ಬೇಕಿತ್ತು ಮಾರಾಯ್ರೆ" ಎಂದರು.

ಅಂದರೆ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಅಜ್ಜಿ ಹಾಲಿನ ಪಾತ್ರೆ ಎತ್ತಿ ಲೋಟಗಳಿಗೆ ಬಗ್ಗಿಸಿದಳು. "ಖಾಲಿಯಾಗೋಯ್ತು ಫಿಲೋಮಿನಮ್ಮ" ಎಂದಳು. ಆಮೇಲೆ ಹೊಸ್ತಿಲ ಕಡೆ ತಿರುಗಿ, "ನೀನ್ಯಾಕೇ ಅಲ್ಲೇ ಕಂಬದ ಹಾಗೆ ನಿಂತಿದೀಯ? ಹಾಲು ಆರೋಗತ್ತೆ, ಬಾ ಒಳಗೆ" ಎಂದಳು. ಜೆಸ್ಸಿ ಬಂದು ಕೂತಳು. ನಾನು ಮೇಜಿನ ಕೆಳಗೆ ಬಗ್ಗಿ ನೋಡಿದೆ. ಅವಳ ಕಾಲುಗಳು ಗಾಳಿಯಲ್ಲಿ ಆಡುತ್ತಿದ್ದವು.

ಎಲ್ಲವೂ ಒಂದೇ ದಿನದಲ್ಲಿ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಆಂಟಿಯೂ ಜೆಸ್ಸಿಯೂ ಕುಡಿದ ಆ ಎರಡು ಲೋಟಗಳು ತೊಳೆದ ಮೇಲೆ ಕೆಲವು ದಿನ ಕಿಟಕಿಯ ಬಳಿ ಬೇರೆಯಾಗಿಯೇ ಬೋರಲು ಮಲಗಿದವು. ಆಮೇಲೆ ಎಂದೋ ಉಳಿದವುಗಳ ಜೊತೆ ಸೇರಿಹೋದವು, ಯಾವುದು ಯಾರದೆಂದು ತಿಳಿಯದಾಯಿತು. ಕ್ರಿಸ್‌ಮಸ್ಸಿಗೆ ಆಂಟಿ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಕಳಿಸಿದಾಗ ಅಜ್ಜಿ ಅದರಲ್ಲಿದ್ದ ಒಂದು ಸಿಹಿ ಕಡುಬನ್ನು ಮುರಿದು ಬಾಯಿಗೆ ಹಾಕಿಕೊಂಡು, "ಏಲಕ್ಕಿ ಸ್ವಲ್ಪ ಕಮ್ಮಿಯಾಯ್ತು" ಎಂದಳು. ಕುರ್ಚಿ ಆಟವನ್ನು ನಾವು ಮತ್ತೆ ಆಡಲಿಲ್ಲ.

ವೀಸಾ ಮುಗಿದು ಅಜ್ಜಿ ಹೊರಡುವಾಗ ಒಂದು ಸ್ಟೀಲ್ ಲೋಟವನ್ನು ಆಂಟಿಯ ಕೈಗಿಟ್ಟಳು. ಅಜ್ಜಿ ಮತ್ತೆ ಬರಲಿಲ್ಲ. ಅವಳು ತೀರಿಕೊಂಡ ವರ್ಷ ಜೆಸ್ಸಿಯ ಮನೆಯವರು ಪರ್ತ್ ನಗರಕ್ಕೆ ಹೋದರು. ಫಾರೆಸ್ಟ್ ಲೇಕಿನ ನಮ್ಮ ಮನೆಯಲ್ಲಿ ಈಗ ಯಾರಿದ್ದಾರೋ, ಆ ಹಲಗೆಗೆ ಯಾರಾದರೂ ಮೊಳೆ ಹೊಡೆದರೋ ಗೊತ್ತಿಲ್ಲ. ಅಂದು ನಮ್ಮ ಪಕ್ಕ ಬಂದು ಕೂತ ಆ ಅಜ್ಜಿಯ ಹೆಸರನ್ನು ನಾವು ಕೇಳಿಕೊಳ್ಳಲೂ ಇಲ್ಲ. ಅಭ್ಯಾಸ ಮಾಡಿದರೆ ಎಂಥದನ್ನೂ ಎದುರಿಸಬಹುದು ಎಂಬ ಆ ಗರಾಜಿನ ನಂಬಿಕೆ ನನಗೀಗ ಇಲ್ಲ. ಪಕ್ಕದಲ್ಲಿ ಯಾರು ಬಂದು ಕೂರುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ನಾನೀಗ ಬಸ್ಸಿನಲ್ಲಿ ಒಬ್ಬಳೇ ಕೂರುತ್ತೇನೆ.

ಹೋದ ಭಾನುವಾರ ಜೆಸ್ಸಿ ವಿಡಿಯೋ ಕಾಲ್ ಮಾಡಿದ್ದಳು. ಫಿಲೋ ಆಂಟಿಗೆ ಈಗ ಮರೆವು. ಕೈಯೂ ನಡುಗುತ್ತದೆ. ಜೆಸ್ಸಿ ಅವರ ತಲೆಯ ಹಿಂದೆ ಒಂದು ಕೈಯಿಟ್ಟು, ಇನ್ನೊಂದರಲ್ಲಿ ಅದೇ ಸ್ಟೀಲ್ ಲೋಟವನ್ನು ತುಟಿಗೆ ಹಿಡಿದಿದ್ದಳು. ಆಂಟಿಯ ಅಂಗೈಯ ಗೆರೆಗಳ ನಡುವೆ ಹೊಲಿಗೆಯ ಗುರುತು ಕಾಣುತ್ತಿತ್ತು. ಅದು ಹೇಗಾಯಿತು ಎಂದರೆ ಅವರು ಒಂದು ದಿನ ಮೀನಿನ ಕತ್ತಿ ಎನ್ನುತ್ತಾರಂತೆ, ಇನ್ನೊಂದು ದಿನ ಗೊತ್ತಿಲ್ಲ ಎನ್ನುತ್ತಾರಂತೆ. ಬಸ್ಸು, ಬಾಟಲಿ, ಆ ಸದ್ದು, ಯಾವುದೂ ಈಗ ಅವರಲ್ಲಿಲ್ಲ. ಅವನ್ನು ಇಟ್ಟುಕೊಳ್ಳಲು ಜೆಸ್ಸಿ ಮತ್ತು ನಾನು ಇಬ್ಬರೇ ಉಳಿದಿದ್ದೇವೆ.

ಅವರು ಪರದೆಯಲ್ಲಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಗುರುತು ಸಿಗಲಿಲ್ಲವೆಂದುಕೊಂಡೆ.

"ಅಮ್ಮನಿಗೆ ಕಾಫಿ ಕೊಟ್ಟಿಯಾ?" ಎಂದು ಕೇಳಿದರು.

"ಕೊಟ್ಟೆ ಆಂಟಿ" ಎಂದೆ.